ಮಗು ಆಡುವ ಆಟವನ್ನು ನೀವೂ ಒಮ್ಮೆ ಆಡಿ ನೋಡಿ

ಅಂಗಡಿಯಿಂದ ಅಕ್ಕಿ ತರುವಾಗ ನೀವೇನು ಮಾಡುತ್ತೀರಿ? ಒಂದು ಹಿಡಿ ಅಂಗೈಗೆ ಸುರಿದುಕೊಂಡು ನುಚ್ಚು ಎಷ್ಟಿದೆ, ಕಲ್ಲು ಇದೆಯೇ ಎಂದು ನೋಡುತ್ತೀರಿ. ಮೀನು ಕೊಳ್ಳುವಾಗ ಕಿವಿರು ಎತ್ತಿ ಕೆಂಪಗಿದೆಯೇ ಎಂದು ಪರೀಕ್ಷಿಸುತ್ತೀರಿ. ಮಗಳಿಗೆ ಚೂಡಿದಾರದ ಬಟ್ಟೆ ಆರಿಸುವಾಗ ಬಣ್ಣ ಬಿಡುತ್ತದೆಯೇ ಎಂದು ಅಂಗಡಿಯವನನ್ನು ಎರಡೆರಡು ಬಾರಿ ಕೇಳುತ್ತೀರಿ. ಆದರೆ ಅದೇ ಮನೆಯಲ್ಲಿ ಮಗ ದಿನಕ್ಕೆ ಎರಡು ಗಂಟೆ ಆಡುವ ಮೊಬೈಲ್ ಗೇಮ್‌ನ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತಾಯಂದಿರ ಬಳಿ ಉತ್ತರವಿದೆ? "ಏನೋ ಗುಂಡು ಹಾರಿಸುವುದು", "ಏನೋ ಕಾರು ಓಡಿಸುವುದು" ಎನ್ನುತ್ತೇವೆ. ಅಲ್ಲಿಗೆ ನಮ್ಮ ಪರೀಕ್ಷೆ ಮುಗಿಯಿತು!

ಪೋಷಕರ ಸಭೆಯಲ್ಲಿ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಗಣಿತದ ಅಂಕಗಳ ಬಗ್ಗೆ ಅಲ್ಲ. "ಟೀಚರ್, ಈ ಗೇಮ್ ಒಳ್ಳೆಯದೋ ಕೆಟ್ಟದ್ದೋ? ಕೊಡಬೇಕೋ ಬೇಡವೋ ಹೇಳಿ." ಈ ಪ್ರಶ್ನೆ "ಅಡುಗೆ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದ ಹಾಗೆ. ಯಾವ ಅಡುಗೆ? ಯಾರಿಗೆ? ಯಾವ ಎಣ್ಣೆಯಲ್ಲಿ ಕರಿದದ್ದು? ವಿಡಿಯೋ ಗೇಮ್‌ಗಳಿಗೂ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ. ಅವುಗಳನ್ನು ಅಳೆಯುವ, ಹೋಲಿಸುವ, ಕಟ್ಟುವ ವಿದ್ಯೆಯೊಂದಿದೆ. ಅದರಲ್ಲಿ ಸ್ವಲ್ಪವನ್ನಾದರೂ ನಾವು ತಿಳಿದುಕೊಂಡರೆ ಮಕ್ಕಳ ಮುಂದೆ ಬರೀ ಗದರುವವರಾಗಿ ನಿಲ್ಲಬೇಕಾಗಿಲ್ಲ.

ಕಂಸಗಳಿಂದ ಕಟ್ಟಿದ ಆಟ

ಒಂದೇ ಆಟವನ್ನು ಬೇರೆ ಬೇರೆ ಯಂತ್ರಗಳಲ್ಲಿ ನೋಡುವುದು ಹೋಲಿಕೆಗೆ ಒಳ್ಳೆಯ ದಾರಿ. ಅದಕ್ಕೆ ಟೆಟ್ರಿಸ್‌ಗಿಂತ ಉತ್ತಮ ಉದಾಹರಣೆ ನನಗೆ ಕಂಡಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ನೀವು ಅದನ್ನು ನೋಡಿದ್ದೀರಿ. ಗಲ್ಫ್‌ನಿಂದ ಬಂದ ಮಾವನವರೋ ಚಿಕ್ಕಪ್ಪನೋ ಪೆಟ್ಟಿಗೆಯಿಂದ ತೆಗೆದು ಕೊಡುತ್ತಿದ್ದ, ಜಾತ್ರೆ ಉರೂಸ್‌ಗಳ ಅಂಗಡಿಗಳಲ್ಲೂ ಸಿಗುತ್ತಿದ್ದ "9999 ಗೇಮ್" ಎಂಬ ಅಂಗೈಯಗಲದ ಆಟಿಕೆ ನೆನಪಿದೆಯೇ? ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ತಿರುಗಿಸಿ ಜೋಡಿಸಬೇಕು. ಒಂದು ಸಾಲು ತುಂಬಿದರೆ ಮಾಯವಾಗುತ್ತದೆ. ಡಬ್ಬಿಯ ಮೇಲೆ 9999 ಎಂದು ಬರೆದಿದ್ದರೂ ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ವೇಗ ಮಾತ್ರ ಬೇರೆ ಬೇರೆ. ಅದರ ಮುಖ್ಯ ಆಟ ಟೆಟ್ರಿಸ್‌ನ ನಕಲು.

ಅಸಲು ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋದಲ್ಲಿ. ಸೋವಿಯೆತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಾಜಿಟ್ನೊವ್ ಅದನ್ನು ಇಲೆಕ್ಟ್ರೋನಿಕಾ 60 ಎಂಬ ಯಂತ್ರದಲ್ಲಿ ಬರೆದರು. ಆ ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಅಕ್ಷರಗಳನ್ನು ಮಾತ್ರ ತೋರಿಸುತ್ತಿತ್ತು. ಹಾಗಾಗಿ ಅವರು ಎರಡು ಕಂಸಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಚೌಕ ಮಾಡಿದರು! ಐದೈದು ಚೌಕಗಳ ಹನ್ನೆರಡು ತುಂಡುಗಳನ್ನು ಜೋಡಿಸುವ ಹಳೆಯ ಒಗಟೊಂದು ಅವರಿಗೆ ಪ್ರೇರಣೆಯಾಗಿತ್ತು. ಹನ್ನೆರಡು ತುಂಡು ತಲೆಗೆ ಭಾರವೆಂದು ಅದನ್ನು ನಾಲ್ಕು ಚೌಕಗಳ ಏಳು ತುಂಡುಗಳಿಗೆ ಇಳಿಸಿದರು. ಮೊದಲಿಗೆ ಪರದೆ ಕೆಲವೇ ಕ್ಷಣಗಳಲ್ಲಿ ತುಂಬಿ ಆಟ ಮುಗಿಯುತ್ತಿತ್ತು. ತುಂಬಿದ ಸಾಲು ಅಳಿಸಿಹೋಗಲಿ ಎಂಬ ಉಪಾಯ ಹೊಳೆದದ್ದು ಆಮೇಲೆ. ಇಡೀ ಆಟದ ಜೀವ ಇರುವುದೇ ಆ ಒಂದು ನಿಯಮದಲ್ಲಿ.

ಅದನ್ನು ಐ.ಬಿ.ಎಂ. ಕಂಪ್ಯೂಟರಿಗೆ ಒಗ್ಗಿಸಲು ನೆರವಾದವರಲ್ಲಿ ವಾದಿಮ್ ಗೆರಾಸಿಮೊವ್ ಎಂಬ 16 ವರ್ಷದ ಹುಡುಗನೂ ಇದ್ದ. ಬಣ್ಣ ಬಂತು. ಕಂಸಗಳು ಹೋಗಿ ಇಟ್ಟಿಗೆಗಳಾದವು. ಆಟ ಮಾತ್ರ ಅದೇ. ಹಕ್ಕು ಸರಕಾರದ್ದಾಗಿದ್ದರಿಂದ ಪಾಜಿಟ್ನೊವ್‌ಗೆ 1996ರ ತನಕ ಗೌರವಧನವೇನೂ ಸಿಗಲಿಲ್ಲ ಎಂಬುದು ಬೇರೆ ಕಥೆ.

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ತಂದಿತು. ಅದರ ಜೊತೆಗೆ ಉಚಿತವಾಗಿ ಯಾವ ಆಟ ಕೊಡಬೇಕು ಎಂಬ ಚರ್ಚೆ ನಡೆಯಿತು. ಕಂಪನಿಯ ಹೆಸರಾಂತ ಆಟ ಮಾರಿಯೊ ಇತ್ತಲ್ಲ! ಟೆಟ್ರಿಸ್‌ನ ಹಕ್ಕಿಗಾಗಿ ಮಾಸ್ಕೋಗೆ ಹೋದ ಹೆಂಕ್ ರೋಜರ್ಸ್ ಅವರ ವಾದ ಹೀಗಿತ್ತು: ಹುಡುಗರು ಮಾತ್ರ ಆಡಿದರೆ ಸಾಕೆಂದಿದ್ದರೆ ಮಾರಿಯೊ ಕೊಡಿ, ಎಲ್ಲರೂ ಆಡಬೇಕೆಂದಿದ್ದರೆ ಟೆಟ್ರಿಸ್ ಕೊಡಿ. ಅಮೆರಿಕದಲ್ಲಿ ಟೆಟ್ರಿಸನ್ನೇ ಕೊಟ್ಟರು. ತಾಯಂದಿರೂ ಅಜ್ಜಿಯರೂ ಅದನ್ನು ಕೈಗೆತ್ತಿಕೊಂಡರು.

ಅದೇ ಆಟ, ಆದರೆ ಸಣ್ಣ ಪರದೆಗೆ ಬಂದಾಗ ಒಂದು ವ್ಯತ್ಯಾಸವಾಯಿತು. ಸಾಮಾನ್ಯವಾಗಿ ಟೆಟ್ರಿಸ್‌ನ ಅಂಕಣ ಹತ್ತು ಚೌಕ ಅಗಲ, ಇಪ್ಪತ್ತು ಚೌಕ ಎತ್ತರ. ಗೇಮ್ ಬಾಯ್‌ನಲ್ಲಿ ಎತ್ತರ ಹದಿನೆಂಟೇ. ಎರಡು ಸಾಲು ಕಡಿಮೆಯಾದರೆ ಏನಾಯಿತು ಎನ್ನುತ್ತೀರಾ? ಆಡಿದವರನ್ನು ಕೇಳಿ. ಯೋಚಿಸಲು ಸಿಗುವ ಸಮಯವೇ ಕಡಿಮೆ. ಆದರೆ ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಇಬ್ಬರು ಎದುರುಬದುರು ಕುಳಿತು ಆಡುವ ಸೌಲಭ್ಯ ಅದರಲ್ಲಿತ್ತು. ವಿಮರ್ಶಕರು ಆಟಗಳನ್ನು ಹೋಲಿಸುವುದು ಹೀಗೆಯೇ. ಯಾವುದು ಚೆಂದ ಎಂದಲ್ಲ, ಈ ಯಂತ್ರ ಈ ಆಟದಿಂದ ಏನು ಕಿತ್ತುಕೊಂಡಿತು, ಏನು ಕೊಟ್ಟಿತು ಎಂದು.

ಯಂತ್ರಗಳನ್ನೂ ಹಾಗೆಯೇ ತೂಗಬೇಕು. ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ. ಹಸಿರು ಮಿಶ್ರಿತ ಮಬ್ಬು ಪರದೆ, ಒಳಗಿನಿಂದ ಬೆಳಕಿಲ್ಲ. 1990ರಲ್ಲಿ ಸೆಗಾ ಕಂಪನಿ ಬಣ್ಣದ ಪರದೆಯ, ಬೆಳಗುವ ಗೇಮ್ ಗೇರ್ ತಂದಾಗ ಎಲ್ಲರೂ ಗೇಮ್ ಬಾಯ್ ಕಥೆ ಮುಗಿಯಿತೆಂದರು. ಆದರೆ ಗೇಮ್ ಗೇರ್‌ಗೆ ಆರು ಸೆಲ್ ಬೇಕಿತ್ತು, ಮೂರರಿಂದ ಐದು ಗಂಟೆಯಲ್ಲಿ ಅವು ಖಾಲಿಯಾಗುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮಿಕ್ಕಿ ನಡೆಯುತ್ತಿತ್ತು. ಅದನ್ನು ರೂಪಿಸಿದ ಗುನ್ಪೆ ಯೊಕೊಯಿ ಹೊಚ್ಚಹೊಸ ತಂತ್ರಜ್ಞಾನದ ಬೆನ್ನು ಹತ್ತಲಿಲ್ಲ. ಹಳೆಯದಾದ, ಅಗ್ಗವಾದ, ಚೆನ್ನಾಗಿ ಪಳಗಿದ ಸಾಮಗ್ರಿಯನ್ನೇ ಹೊಸ ರೀತಿಯಲ್ಲಿ ಬಳಸಿದರು. ಗೇಮ್ ಬಾಯ್ ಮತ್ತು ಅದರ ಬಣ್ಣದ ಅವತರಣಿಕೆ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ನಿನ್ನೆಯ ಸಾರಿನಲ್ಲೇ ಇಂದಿನ ಹೊಸ ಪದಾರ್ಥ ಮಾಡುವ ಗೃಹಿಣಿಗೆ ಈ ಜಾಣ್ಮೆಯನ್ನು ವಿವರಿಸಬೇಕಾಗಿಲ್ಲ ತಾನೇ?

ಹೆಸರೊಂದೇ, ಸರಕು ಬೇರೆ

1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೋರು ಇವತಾನಿ ಪ್ಯಾಕ್‌ಮ್ಯಾನ್ ಎಂಬ ಆಟ ರೂಪಿಸಿದರು. ಆಗ ಆಟದ ಅಂಗಡಿಗಳಲ್ಲಿ ಇದ್ದದ್ದು ಹೆಚ್ಚಾಗಿ ಗುಂಡು ಹಾರಿಸುವ ಆಟಗಳು, ಗಂಡಸರದೇ ಗುಂಪು. ಹೆಂಗಸರಿಗೂ ಇಷ್ಟವಾಗುವ ಆಟ ಮಾಡಬೇಕೆಂದು ಇವತಾನಿ "ತಿನ್ನುವುದು" ಎಂಬುದನ್ನೇ ಆಟದ ವಿಷಯ ಮಾಡಿದರು. (ಹೆಂಗಸರೆಂದರೆ ತಿನ್ನುವುದೇ ನೆನಪಾಯಿತೇ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ!) ಬಾಯ್ದೆರೆದ ಹಳದಿ ಉಂಡೆ ಚುಕ್ಕಿಗಳನ್ನು ನುಂಗುತ್ತಾ ಓಡುತ್ತದೆ, ನಾಲ್ಕು ಭೂತಗಳು ಬೆನ್ನಟ್ಟುತ್ತವೆ. ನಾಲ್ಕಕ್ಕೂ ಒಂದೇ ಬುದ್ಧಿ ಕೊಟ್ಟಿದ್ದರೆ ಅವು ಸಾಲಾಗಿ ಹಿಂದೆ ಬರುತ್ತಿದ್ದವು. ಅದಕ್ಕೇ ಒಂದು ನೇರವಾಗಿ ಬೆನ್ನು ಹತ್ತುತ್ತದೆ, ಇನ್ನೊಂದು ನೀವು ಹೋಗಲಿರುವ ಜಾಗಕ್ಕೆ ಮೊದಲೇ ಬಂದು ನಿಲ್ಲಲು ನೋಡುತ್ತದೆ. ನಾಲ್ಕು ಮಕ್ಕಳಿರುವ ತಾಯಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅದು ದೊಡ್ಡ ಪೆಟ್ಟಿಗೆಯಂಥ ಯಂತ್ರಕ್ಕಾಗಿ ಮಾಡಿದ ಆಟ. 1982ರಲ್ಲಿ ಮನೆಯ ಟಿ.ವಿ.ಗೆ ಜೋಡಿಸುವ ಅಟಾರಿ 2600 ಯಂತ್ರಕ್ಕೆ ಅದೇ ಹೆಸರಿನಲ್ಲಿ ಬಂತು. ಆ ಯಂತ್ರದ ನೆನಪಿನ ಶಕ್ತಿ ಎಷ್ಟು ಗೊತ್ತೇ? 128 ಬೈಟ್. ಅಂದರೆ ನೀವೀಗ ಓದುತ್ತಿರುವ ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ನಾಲ್ಕು ಭೂತಗಳನ್ನು ಒಟ್ಟಿಗೆ ತೋರಿಸಲಾಗದೆ ಒಂದೊಂದನ್ನೇ ಮಿಣುಕಿಸಿ ತೋರಿಸಿದರು. ಜನ ಹೆಸರು ನೋಡಿ ಲಕ್ಷಗಟ್ಟಲೆ ಕೊಂಡರು, ಮನೆಗೆ ತಂದು ಬೇಸರಪಟ್ಟರು. ಅದೇ ವರ್ಷದ ಕೊನೆಗೆ ಹೆಸರಾಂತ ಸಿನಿಮಾ ಇ.ಟಿ.ಯನ್ನು ಆಧರಿಸಿದ ಆಟವನ್ನು ಐದೇ ವಾರಗಳಲ್ಲಿ ಮಾಡಿಸಿ ಮಾರುಕಟ್ಟೆಗೆ ಬಿಟ್ಟಿತು ಅಟಾರಿ. ಮಾರಾಟವಾಗದ ರಾಶಿಯನ್ನು 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಮರುಭೂಮಿಯ ಊರು ಅಲಮೊಗೊರ್ಡೊದ ಕಸದ ಗುಂಡಿಯಲ್ಲಿ ಹೂತರು. ಬಹಳ ಮಂದಿ ಇದು ಕಟ್ಟುಕಥೆಯೆಂದೇ ತಿಳಿದಿದ್ದರು. 2014ರಲ್ಲಿ ಅಗೆದು ನೋಡಿದಾಗ ಆಟದ ಡಬ್ಬಿಗಳು ನಿಜಕ್ಕೂ ಸಿಕ್ಕವು.

ಇಂದೂ ಅಷ್ಟೇ. ಟಿ.ವಿ.ಗೆ ಜೋಡಿಸುವ ಯಂತ್ರದಲ್ಲಿ ಹೆಸರು ಮಾಡಿದ ಆಟದ ಹೆಸರನ್ನೇ ಮೊಬೈಲ್‌ನ ಆಟಕ್ಕೂ ಇಟ್ಟಿರುತ್ತಾರೆ. ಅಲ್ಲಿ ಒಮ್ಮೆ ಹಣ ಕೊಟ್ಟು ಕೊಳ್ಳುವ ಆಟ, ಇಲ್ಲಿ ಉಚಿತ ಎಂದು ಹೇಳಿ ಹೆಜ್ಜೆಹೆಜ್ಜೆಗೂ ಕೈಚಾಚುವ ಆಟವಾಗಿರಬಹುದು. ಅಣ್ಣನ ಮಕ್ಕಳು ಆಡುತ್ತಾರೆಂದು ನಮ್ಮ ಮಗುವಿಗೂ ಹಾಕಿಕೊಡುವ ಮುನ್ನ ಅವರು ಆಡುವುದು ಯಾವ ಯಂತ್ರದಲ್ಲಿ ಎಂದು ಕೇಳಿ.

ಪಾಠ ಮಾಡದೆ ಕಲಿಸುವುದು

ಶಿಕ್ಷಕಿಯಾಗಿ ನನಗೆ ಅಸೂಯೆ ಹುಟ್ಟಿಸಿದ ಆಟವೊಂದಿದ್ದರೆ ಅದು 1985ರ ಸೂಪರ್ ಮಾರಿಯೊ ಬ್ರದರ್ಸ್. ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ಅದರ ಮೊದಲ ಹಂತವನ್ನು ಕಟ್ಟಿದ ರೀತಿ ನೋಡಿ. ಮಾರಿಯೊ ಪರದೆಯ ಎಡಬದಿಯಲ್ಲಿ ನಿಂತಿರುತ್ತಾನೆ, ಬಲಬದಿ ಖಾಲಿ. ಆಡುವವರು ತಾವಾಗಿಯೇ ಬಲಕ್ಕೆ ಹೋಗುತ್ತಾರೆ. ಎದುರಿಗೆ ಒಂದು ಶತ್ರು ಬರುತ್ತದೆ. ಹಾರದಿದ್ದರೆ ಸಾಯುತ್ತೀರಿ, ಆದರೆ ಆಟ ಈಗಷ್ಟೇ ಶುರುವಾದದ್ದರಿಂದ ನಷ್ಟವಿಲ್ಲ, ಮತ್ತೆ ಅಲ್ಲೇ ನಿಲ್ಲುತ್ತೀರಿ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ಹೊಡೆದರೆ ಅಣಬೆಯೊಂದು ಹೊರಬರುತ್ತದೆ. ಶತ್ರುವಿನಂತೆಯೇ ಕಾಣುವುದರಿಂದ ಭಯವಾಗುತ್ತದೆ. ಅದು ಬಲಕ್ಕೆ ಹೋಗಿ ಕೊಳವೆಗೆ ಬಡಿದು ನಿಮ್ಮತ್ತಲೇ ಮರಳುತ್ತದೆ. ತಪ್ಪಿಸಿಕೊಳ್ಳಲು ಹಾರಿದರೂ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಬಿದ್ದರೆ ಮಾರಿಯೊ ದೊಡ್ಡವನಾಗುತ್ತಾನೆ! ಅಣಬೆ ಒಳ್ಳೆಯದು ಎಂದು ಒಂದಕ್ಷರವನ್ನೂ ಬರೆಯದೆ ಕಲಿಸಿಬಿಟ್ಟರು. ನಾವು ಬೋರ್ಡಿನ ತುಂಬಾ ಬರೆದು, ಮೂರು ಬಾರಿ ಓದಿಸಿ, ಕೊನೆಗೆ "ಅರ್ಥವಾಯಿತಾ?" ಎಂದು ಕೇಳುತ್ತೇವೆ.

ಇಡೀ ಆಟ 40 ಕಿಲೋಬೈಟ್‌ನಲ್ಲಿ ಮುಗಿದಿದೆ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡ ಮತ್ತು ನೆಲದ ಪೊದೆಗೆ ಒಂದೇ ಚಿತ್ರ ಬಳಸಿದ್ದಾರೆ. ಮೇಲೆ ಬಿಳಿ, ಕೆಳಗೆ ಹಸಿರು. ಒಂದೇ ಬಟ್ಟೆಯಲ್ಲಿ ಅಕ್ಕ ತಂಗಿಯರಿಬ್ಬರಿಗೂ ಹೊಲಿದ ಹಾಗೆ.

ಹಣ ಕೊಡುವವರು ಯಾರು?

ಈಗ ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಬರೋಣ. ಯಾವ ಆಟವನ್ನು ಅಳೆಯುವಾಗಲೂ ಕೇಳಲೇಬೇಕಾದ ಪ್ರಶ್ನೆ, ಇದಕ್ಕೆ ಹಣ ಹೇಗೆ ಬರುತ್ತದೆ ಎಂಬುದು. ಆಟದ ಆಕಾರವನ್ನು ನಿರ್ಧರಿಸುವುದೇ ಅದು. ನಾಣ್ಯ ಹಾಕುವ ಪೆಟ್ಟಿಗೆಯಲ್ಲಿ ಬೇಗ ಸೋತರೆ ಮಾತ್ರ ಮಾಲೀಕನಿಗೆ ಮುಂದಿನ ನಾಣ್ಯ ಬೀಳುತ್ತಿತ್ತು. ಆದ್ದರಿಂದ ಆ ಆಟಗಳು ಕಠಿಣ. ಮನೆಯ ಯಂತ್ರಕ್ಕೆ ಕ್ಯಾಸೆಟ್ ಕೊಂಡಾಗ ಹಣ ಮೊದಲೇ ಸಂದಾಯವಾಗಿರುತ್ತಿತ್ತು. ಆದ್ದರಿಂದ ಕೊಂಡವರಿಗೆ ತೃಪ್ತಿಯಾಗುವಷ್ಟು ದೀರ್ಘವಾದ ಆಟ ಕೊಡಬೇಕಿತ್ತು. ಮೊಬೈಲ್‌ನ ಉಚಿತ ಆಟಕ್ಕೆ ಇವೆರಡೂ ಸಾಲದು. ನೀವು ಮತ್ತೆ ಮತ್ತೆ ಬರಬೇಕು. ಬಂದಾಗಲೆಲ್ಲ ಜಾಹೀರಾತು ನೋಡಬೇಕು, ಅಥವಾ ತಾಳ್ಮೆಗೆಟ್ಟು ಹಣ ತೆರಬೇಕು.

ಟೆಟ್ರಿಸ್ ಪಕ್ಕದಲ್ಲಿ ಕ್ಯಾಂಡಿ ಕ್ರಷ್ ಸಾಗಾ ಇಟ್ಟು ನೋಡಿ. ನಿಮ್ಮಲ್ಲೇ ಅನೇಕರು ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಆಡುವ ಆಟವದು, ನನಗೆ ಗೊತ್ತು. 2012ರಲ್ಲಿ ಮೊದಲು ಫೇಸ್‌ಬುಕ್‌ನಲ್ಲಿ ಬಂತು, ಅದೇ ವರ್ಷ ಮೊಬೈಲಿಗೂ. ಟೆಟ್ರಿಸ್‌ನಲ್ಲಿ ಸೋತರೆ ಕಾರಣ ನಿಮ್ಮ ಕಣ್ಣು, ಕೈ, ವೇಗ. ತಕ್ಷಣ ಮತ್ತೆ ಶುರುಮಾಡಬಹುದು, ಯಾರ ಅಪ್ಪಣೆಯೂ ಬೇಡ. ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವ. ಮುಗಿದರೆ ಒಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ಗೆಳತಿಯರನ್ನು ಕೇಳಬೇಕು, ಇಲ್ಲವೇ ಹಣ ತೆರಬೇಕು. ಇನ್ನೆರಡು ಮಿಠಾಯಿ ಒಡೆದಿದ್ದರೆ ಗೆಲ್ಲುತ್ತಿದ್ದೆ ಎನ್ನುವಾಗ "ಇನ್ನೂ ಐದು ನಡೆ ಬೇಕೇ?" ಎಂಬ ಪ್ರಶ್ನೆ ಮುಂದೆ ನಿಲ್ಲುತ್ತದೆ. ಕ್ಯಾಂಡಿ ಕ್ರಷ್ ಕೆಟ್ಟ ಆಟವೆಂದು ನಾನು ಹೇಳುತ್ತಿಲ್ಲ. ಬಣ್ಣ, ಸದ್ದು, ಒಗಟು ಎಲ್ಲವೂ ಅಚ್ಚುಕಟ್ಟು. ಆದರೆ ಆ ಅರ್ಧ ಗಂಟೆಯ ಕಾಯುವಿಕೆ ಒಗಟಿನ ಭಾಗವಲ್ಲ, ವ್ಯಾಪಾರದ ಭಾಗ. ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ನೀವು ಅರ್ಧ ವಿಮರ್ಶಕರಾದಿರಿ.

ವಿಯೆಟ್ನಾಂನ ಡಾಂಗ್ ನ್ಯುಯೆನ್ 2013ರಲ್ಲಿ ಫ್ಲಾಪಿ ಬರ್ಡ್ ಎಂಬ ಪುಟ್ಟ ಆಟ ಮಾಡಿದರು. ಒಂದು ಹಕ್ಕಿ, ಕೆಲವು ಕೊಳವೆಗಳು, ಅಷ್ಟೇ. ಜಾಹೀರಾತಿನಿಂದ ದಿನಕ್ಕೆ 50,000 ಡಾಲರ್ ಬರುತ್ತಿದೆ ಎಂದು ಸುದ್ದಿಯಾಯಿತು. 2014ರ ಫೆಬ್ರವರಿಯಲ್ಲಿ ಅವರು ಅದನ್ನು ತಾವಾಗಿಯೇ ಹಿಂತೆಗೆದುಕೊಂಡರು. ಬಿಡುವಿನಲ್ಲಿ ನಾಲ್ಕು ನಿಮಿಷ ಆಡಲೆಂದು ಮಾಡಿದ್ದು ಚಟವಾಗಿಬಿಟ್ಟಿತು ಎಂಬುದು ಅವರು ಕೊಟ್ಟ ಕಾರಣ. ಇಂಥವರು ಅಪರೂಪ.

ಇನ್ನೊಂದು ಬದಿಯನ್ನೂ ನೋಡಿ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ 52 ಕೋಟಿ ಡಾಲರ್‌ಗಳ ಇತ್ಯರ್ಥಕ್ಕೆ ಒಪ್ಪಬೇಕಾಯಿತು. ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ್ದು ಒಂದು ಆರೋಪ. ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ, ಒಂದೇ ಒತ್ತಿಗೆ ಬೇಡದ ಖರೀದಿಯಾಗುವಂತೆ ಮಾಡಿದ್ದು ಇನ್ನೊಂದು. ಅದರಲ್ಲಿ 24.5 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸಲೆಂದೇ ಮೀಸಲು. ಗುಂಡಿ ಎಲ್ಲಿರಬೇಕು ಎಂಬುದೂ ವಿನ್ಯಾಸವೇ ನೋಡಿ! ಮಾರಿಯೊದ ಅಣಬೆಯನ್ನು ನಮ್ಮತ್ತ ತಿರುಗಿಸಿದ ಅದೇ ಬುದ್ಧಿ, ಇಲ್ಲಿ ನಮ್ಮ ಕೈಯನ್ನು ಪರ್ಸಿನತ್ತ ತಿರುಗಿಸಿತು.

ನನಗೆ ಪರಿಚಯವಿರುವ ಒಂದು ಮನೆಯ ಕಥೆ ಹೇಳುತ್ತೇನೆ. ತಂದೆ ಗಲ್ಫ್‌ನಲ್ಲಿ. ತಿಂಗಳ ಖರ್ಚಿನ ಹಣ ಉಮ್ಮನ ಖಾತೆಗೆ ಬರುತ್ತದೆ. ಫೋನ್ ರೀಚಾರ್ಜ್ ಮಾಡಿಕೊಡುವವನೂ ಮಗ, ಗ್ಯಾಸ್ ಬುಕ್ ಮಾಡುವವನೂ ಮಗ. ಪಿನ್ ಸಂಖ್ಯೆ ಅವನಿಗೆ ತಿಳಿಯದೆ ಇರುತ್ತದೆಯೇ? ಆಟದೊಳಗೆ ಅಂಗಿ, ಬಂದೂಕಿನ ಬಣ್ಣ, ಪೆಟ್ಟಿಗೆ ಎಂದು ಎಂಬತ್ತು, ನೂರ ಅರುವತ್ತು ರೂಪಾಯಿಗಳಂತೆ ಹೋಗಿದೆ. ಬಾಡಿಗೆ ಕೊಡುವ ದಿನ ಹಣ ಸಾಲದೆ ಬಂದಾಗಲೇ ಗೊತ್ತಾದದ್ದು. ಆ ಉಮ್ಮ ನನ್ನಲ್ಲಿ ಹೇಳಿದ್ದು ಇಷ್ಟೇ: "ಟೀಚರ್, ಅವನು ಕದ್ದ ಅಂತ ಅವನಿಗೇ ಅನಿಸಿಲ್ಲ. ಅದು ಆಟದ ನಾಣ್ಯ ಅಂತಾನೆ." ಹುಡುಗ ಸುಳ್ಳು ಹೇಳಲಿಲ್ಲ. ರೂಪಾಯಿಯನ್ನು ಮೊದಲು ರತ್ನವನ್ನಾಗಿಯೋ ನಾಣ್ಯವನ್ನಾಗಿಯೋ ಬದಲಿಸುವುದೇ ಬೆಲೆ ಮರೆಯಲಿ ಎಂದು.

ಏನು ಬರುತ್ತದೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಆ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಪರಿಗಣಿಸಿತು. ಜೂಜಿನ ವಿಷಯದಲ್ಲಿ ನಮ್ಮ ಮನೆಗಳಿಗೆ ಬೇರೆ ವಿವರಣೆ ಬೇಕಿಲ್ಲ. ಆದರೆ ಇಸ್ಪೀಟೆಲೆ ಕಂಡರೆ ಬೆಚ್ಚಿಬೀಳುವ ನಾವು ಹೊಳೆಯುವ ಪೆಟ್ಟಿಗೆಯನ್ನು ಗುರುತಿಸುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರಕಾರ 2021ರಲ್ಲಿ ಕಾನೂನು ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನು ಅಂಗೀಕರಿಸಿತು. ಹಣ ಗೆಲ್ಲುವ ಆಸೆ ತೋರಿಸಿ ಹಣ ಕಟ್ಟಿಸಿಕೊಳ್ಳುವ ಆಟಗಳಿಗೆ ಅದರಲ್ಲಿ ನಿಷೇಧವಿದೆ. ಆದರೆ ಆ ಹುಡುಗನಂತೆ ಆಟದೊಳಗಿನ ಅಂಗಿ ಕೊಳ್ಳುವುದು ಆ ನಿಷೇಧದ ಗುರಿಯಲ್ಲ. ಅಲ್ಲಿ ಕಾವಲು ನಾವೇ.

ದಾಳ ಯಾರ ಕೈಯಲ್ಲಿ?

2020ರ ಲಾಕ್‌ಡೌನ್‌ನಲ್ಲಿ ಊರೂರಿನ ಬಂಧುಗಳು ಲೂಡೊ ಕಿಂಗ್‌ನಲ್ಲಿ ಒಟ್ಟಾದರು. ಭಾರತದಲ್ಲೇ ತಯಾರಾಗಿ 2016ರಲ್ಲಿ ಬಂದ ಆಟ ಅದು. ದುಬೈಯಲ್ಲಿರುವ ಮಗಳು, ಬೆಂಗಳೂರಿನ ಸೊಸೆ, ಊರಿನ ಅಜ್ಜಿ ಒಂದೇ ಹಲಗೆಯಲ್ಲಿ. ರಟ್ಟಿನ ಲೂಡೊಗೆ ಸಾಧ್ಯವಿಲ್ಲದ ಕೆಲಸವನ್ನು ಮೊಬೈಲ್ ಮಾಡಿತು, ಒಪ್ಪೋಣ. ಆದರೆ ರಟ್ಟಿನ ಆಟದಲ್ಲಿ ದಾಳ ನಮ್ಮ ಅಂಗೈಯಲ್ಲಿತ್ತು. ಮಂಚದಡಿಗೆ ಉರುಳಿದರೆ ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಮೊಬೈಲಿನ ದಾಳ ಯಂತ್ರದೊಳಗಿದೆ, ಅದು ಹೇಗೆ ಬೀಳುತ್ತದೆಂದು ಬರೆದವರಿಗೇ ಗೊತ್ತು.

ಈ ವಿಷಯದಲ್ಲೂ ಟೆಟ್ರಿಸ್ ಒಂದು ಪಾಠ ಹೇಳುತ್ತದೆ. ಹಳೆಯ ಟೆಟ್ರಿಸ್‌ನಲ್ಲಿ ಮುಂದಿನ ತುಂಡು ಯಾವುದು ಎಂಬುದು ಅದೃಷ್ಟ. ಬೇಕಾದ ಉದ್ದ ತುಂಡು ಎಷ್ಟು ಹೊತ್ತಾದರೂ ಬಾರದೆ ಸತಾಯಿಸಬಹುದಿತ್ತು. ನಂತರದ ಅವತರಣಿಕೆಗಳಲ್ಲಿ ಏಳೂ ತುಂಡುಗಳನ್ನು ಚೀಲಕ್ಕೆ ಹಾಕಿ ಕುಲುಕಿ, ಒಂದೊಂದಾಗಿ ಎಲ್ಲವನ್ನೂ ಕೊಟ್ಟ ಮೇಲೆಯೇ ಮತ್ತೆ ಚೀಲ ತುಂಬುವ ಕ್ರಮ ತಂದರು. ಯಾರಿಗೂ ವಿಪರೀತ ಅನ್ಯಾಯವಾಗುವುದಿಲ್ಲ. ಕೆಲವು ಹಳಬರಿಗೆ ಇದು ಇಷ್ಟವಿಲ್ಲ, ಆ ಸತಾಯಿಸುವಿಕೆಯೇ ರುಚಿ ಎನ್ನುತ್ತಾರೆ. ನಿಂಟೆಂಡೊದ 1989ರ ಟಿ.ವಿ. ಅವತರಣಿಕೆಯನ್ನು ಈಗಲೂ ಆಡುವವರಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ 157ನೇ ಹಂತ ತಲುಪಿದಾಗ ಆಟವೇ ಸ್ತಬ್ಧವಾಯಿತು. 34 ವರ್ಷಗಳಲ್ಲಿ ಮನುಷ್ಯನೊಬ್ಬ ಆ ಆಟವನ್ನು ಅಲ್ಲಿಯವರೆಗೆ ಒಯ್ದದ್ದು ಅದೇ ಮೊದಲು.

ನೀವು ಮಾಡಬಹುದಾದ ಪರೀಕ್ಷೆ

ಮಗು ಒಂದು ಆಟ ಕೇಳಿದಾಗ ಮೊದಲು ಪ್ಲೇ ಸ್ಟೋರ್‌ನ ಆ ಪುಟ ತೆರೆಯಿರಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಜಾಹೀರಾತುಗಳಿವೆ, ಆಟದೊಳಗೆ ಖರೀದಿಯಿದೆ ಎಂದು ಬರೆದಿರುತ್ತದೆ. ಪಕ್ಕದಲ್ಲಿ 3+, 7+, 12+ ಎಂದು ವಯಸ್ಸು. ಈ ವಯಸ್ಸಿನ ಗುರುತನ್ನು ನಂಬಿ, ಆದರೆ ಪೂರ್ತಿ ನಂಬಬೇಡಿ. ಅದು ಹೆಚ್ಚಾಗಿ ಆಟ ಮಾಡಿದವರೇ ತುಂಬಿದ ಪ್ರಶ್ನಾವಳಿಯಿಂದ ಬರುವಂಥದ್ದು. ರಕ್ತವಿದೆಯೇ, ಬೈಗುಳವಿದೆಯೇ ಎಂದು ಅದು ಹೇಳುತ್ತದೆ. ಊಟಕ್ಕೆ ಕರೆದಾಗ ಮಗು ಎದ್ದು ಬರುತ್ತದೆಯೇ ಎಂದು ಹೇಳುವುದಿಲ್ಲ.

ಅದನ್ನು ತಿಳಿಯಬೇಕಾದರೆ ಅರ್ಧ ಗಂಟೆ ನೀವೇ ಆಡಬೇಕು. ಗೆಲ್ಲಬೇಕಾಗಿಲ್ಲ. ಸೋಲಿ, ಸೋತಾಗ ಏನಾಗುತ್ತದೆಂದು ನೋಡಿ. ಮತ್ತೆ ಪ್ರಯತ್ನಿಸು ಎನ್ನುತ್ತದೆಯೋ, ಅಂಗಡಿ ತೆರೆಯುತ್ತದೆಯೋ? ಇಂಟರ್ನೆಟ್ ಆರಿಸಿ ನೋಡಿ, ಆಟ ನಡೆಯುತ್ತದೆಯೋ? ನಡುವೆ ನಿಲ್ಲಿಸಿ ನೋಡಿ, ಬಿಟ್ಟಲ್ಲಿಂದ ಮುಂದುವರಿಯಬಹುದೋ, ಅಥವಾ ಎದ್ದರೆ ಜೊತೆಗಾರರ ಬೈಗುಳ ತಿನ್ನಬೇಕೋ? ತಂಡವಾಗಿ ಆಡುವ ಆಟದಲ್ಲಿ ಮಗು "ಈಗ ಆಗಲ್ಲ ಉಮ್ಮಾ" ಎನ್ನುವುದು ಯಾವಾಗಲೂ ಹಟವಲ್ಲ. ನಡುವೆ ಬಿಟ್ಟರೆ ಗೆಳೆಯರ ತಂಡ ಸೋಲುತ್ತದೆ. ಒಂದು ಪಂದ್ಯ ಎಷ್ಟು ನಿಮಿಷ ಎಂದು ತಿಳಿದುಕೊಂಡರೆ ಹತ್ತು ನಿಮಿಷ ಮೊದಲೇ ಹೇಳಬಹುದು. ಪಬ್‌ಜಿ ನಿಷೇಧವಾಗಿ 2021ರಲ್ಲಿ ಬಿ.ಜಿ.ಎಂ.ಐ. ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿದ್ದರು. ಮೂರು ಗಂಟೆಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮಗು ನಿಜವಾದ ವಯಸ್ಸನ್ನೇ ನಮೂದಿಸಿರಬೇಕಲ್ಲ!

ನಿದ್ದೆ, ಓದು, ಊಟ ಎಲ್ಲವನ್ನೂ ಆಟವೇ ನುಂಗಿದ್ದರೆ ಬೈದು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ "ಶಟ್" ಎಂಬ ಕ್ಲಿನಿಕ್ ಇದೆ. ಹೋಗಲು ಸಂಕೋಚ ಬೇಡ.

ಚೆನ್ನೆಮಣೆಯನ್ನು ಪರದೆಗೆ ತಂದಾಗ

ಆಟವನ್ನು ಚೆನ್ನಾಗಿ ಅಳೆಯಲು ಕಲಿಯುವುದು ಆಟ ಕಟ್ಟಿದಾಗ. ಇದಕ್ಕೆ ಕಂಪ್ಯೂಟರ್ ಕೂಡ ಬೇಡ. ನಮ್ಮ ಏಳನೇ ತರಗತಿಯ ಹುಡುಗಿಯರಿಗೆ ಗಣಿತದ ಚೌಕುಳಿ ಪುಸ್ತಕದ ಹಾಳೆಗಳನ್ನು ಕೊಟ್ಟು, ಚೆನ್ನೆಮಣೆಯನ್ನು ಮೊಬೈಲಿಗೆ ತರುವುದಾದರೆ ಹೇಗೆ ಎಂದು ಕೇಳಿದೆ. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಕಾಯಿ. ಘಟ್ಟದ ಮೇಲಿನವರ ಅಳಗುಳಿಮಣೆಯೂ ಇದೇ.

ಮೊದಲ ಜಗಳ ಹತ್ತು ನಿಮಿಷದಲ್ಲೇ ಶುರು. ಗುಳಿಯಲ್ಲಿ ಎಷ್ಟು ಕಾಯಿ ಇವೆ ಎಂದು ಪರದೆಯಲ್ಲಿ ಅಂಕಿ ಬರೆಯಬೇಕೇ? ಬರೆದರೆ ಸಣ್ಣವರಿಗೆ ಸುಲಭ ಎಂದಳು ಒಬ್ಬಳು. ಬರೆದರೆ ಕಣ್ಣಂದಾಜಿನಲ್ಲಿ ಲೆಕ್ಕ ಹಾಕುವ ಜಾಣತನವೇ ಹೋಯಿತು, ಅಜ್ಜಿಗೂ ನನಗೂ ವ್ಯತ್ಯಾಸವೇನು ಎಂದಳು ಇನ್ನೊಬ್ಬಳು. ಇಬ್ಬರು ಎದುರುಬದುರು ಕುಳಿತರೆ ಒಬ್ಬಳಿಗೆ ಅಂಕಿ ತಲೆಕೆಳಗಾಗಿ ಕಾಣುತ್ತದೆ ಎಂಬುದು ಮೂರನೆಯವಳಿಗೆ ಹೊಳೆಯಿತು. ಅವಳು ತನ್ನ ಬದಿಯ ಅಂಕಿಗಳನ್ನು ತಿರುಗಿಸಿ ಬರೆದಳು. ಕಂಪ್ಯೂಟರಿನಲ್ಲಾದರೆ ಇಬ್ಬರೂ ಒಂದೇ ಬದಿಯಲ್ಲಿ ಕೂರುತ್ತೇವೆ, ಅಲ್ಲಿ ತಿರುಗಿಸಬೇಕಾಗಿಲ್ಲ ಎಂಬ ತೀರ್ಮಾನವೂ ಆಯಿತು. ಸೋತವಳಿಗೆ ಜಾಹೀರಾತು ತೋರಿಸೋಣವೇ ಎಂದು ನಾನು ಕೇಳಿದಾಗ ತರಗತಿಯೇ ನಕ್ಕಿತು. "ಗೆದ್ದವಳಿಗೆ ತೋರಿಸಿ ಟೀಚರ್, ಅವಳಿಗೆ ಖುಷಿಯಲ್ಲಿ ಬೇಸರ ಆಗಲ್ಲ."

ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಹಾಕಿದೆವು. ಅಮೆರಿಕದ ಎಂ.ಐ.ಟಿ.ಯವರು ಮಕ್ಕಳಿಗಾಗಿಯೇ 2007ರಲ್ಲಿ ಹೊರತಂದದ್ದು, ಪೂರ್ತಿ ಉಚಿತ, ಜಾಹೀರಾತಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಆಜ್ಞೆಗಳ ಸಾಲಾಗುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಗುಳಿಯಿಂದ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದು ಹಾಕುವಷ್ಟರವರೆಗೆ ಹುಡುಗಿಯರು ತಂದಿದ್ದಾರೆ. ಸದ್ಯಕ್ಕೆ ಅದರಲ್ಲಿ ಯಾರು ಬೇಕಾದರೂ ಎದುರಾಳಿಯ ಸಾಲಿನಿಂದಲೂ ಕಾಯಿ ಎತ್ತಬಹುದು. "ಕಳ್ಳಾಟ!" ಎಂದು ಕೂಗಿದಳು ಸೋತವಳು. ಆಟ ಬರೆದವಳು ಯಂತ್ರದತ್ತ ನೋಡಿ ಹೇಳಿದಳು: "ಅದಕ್ಕೆ ಗೊತ್ತಿಲ್ಲ ಕಣೇ, ನಾವು ಹೇಳೇ ಇಲ್ಲವಲ್ಲ."